ಕನ್ನಡದಲ್ಲಿ ರೋಬೋಟ್ ಮಾತಾಡಿದ್ರೆ ನಗು ಯಾಕೆ ಬರುತ್ತೆ?

1/9
ಹ್ವಾಯ್, ಇದು ಉದ್ದ ಇದೆ. ಎರಡು ರೀಲ್ಸ್ ಮಧ್ಯೆ ಓದಿ ಮುಗಿಯೋದಲ್ಲ. ಸೇವ್ ಮಾಡಿಟ್ಟು ರಾತ್ರಿ ಊಟ ಆದ್ಮೇಲೆ ಕಾಣಿ.

ಕಳೆದ ವಾರ ನಮ್ಮ ಕ್ಲಾಸ್ ಗ್ರೂಪಿಗೆ ಯಾರೋ ಒಂದು ಹಾಲಿವುಡ್ ಸೈ-ಫೈ ಸಿನಿಮಾದ ಕನ್ನಡ ಟ್ರೇಲರ್ ಹಾಕಿದ್ರು. ಎರಡು ನಿಮಿಷದಲ್ಲಿ ಗ್ರೂಪ್ ತುಂಬ ನಗುವ ಇಮೋಜಿ. ಆಮೇಲೆ ಒಬ್ಬ ಬರೆದ: "ಸೈ-ಫೈ ಎಲ್ಲ ಇಂಗ್ಲಿಷಲ್ಲೇ ಕಾಣ್ಕ್ ಮಾರಾಯ್ರೆ, ಕನ್ನಡದಗೆ ಕೇಂಡ್ರೆ ಕಾಮಿಡಿ ಆತ್." ಅದಕ್ಕೆ ಇಪ್ಪತ್ತು ಲೈಕ್. ಸುಳ್ಳು ಯಾಕೆ ಹೇಳ್ಲಿ, ಟ್ರೇಲರ್ ನೋಡಿ ಮೊದಲು ನಂಗೂ ನಗು ಬಂದಿತ್ತು.

ನಕ್ಕ ಮೇಲೆ ನಿದ್ದೆ ಬರಲಿಲ್ಲ. ನಾನು ಏಳು ವರ್ಷದವಳಿದ್ದಾಗಿಂದ ಸೈ-ಫೈ ಹುಚ್ಚಿ. ಕಾಲಯಂತ್ರ, ರೋಬೋಟ್, ಬೇರೆ ಗ್ರಹ ಅಂದ್ರೆ ಈಗಲೂ ಅನ್ನ ಬಿಟ್ಟು ಕೂರ್ತೇನೆ. ಹಾಗಿರುವಾಗ ನನ್ನದೇ ಭಾಷೆಯಲ್ಲಿ ರೋಬೋಟ್ ಬಾಯಿ ಬಿಟ್ಟರೆ ನಂಗೇ ನಗು ಬರುತ್ತೆ ಅಂದ್ರೆ ಎಲ್ಲೋ ಏನೋ ಆಗಿದೆ. ತಪ್ಪು ಕನ್ನಡದ್ದಲ್ಲ, ನಮ್ಮ ಕಿವಿಯದ್ದು ಅಂತ ನನ್ನ ವಾದ. ಆ ಕಿವಿಯನ್ನ ಹಾಗೆ ತಯಾರು ಮಾಡಿದ್ದು ನಮ್ಮನೆ ಟಿವಿ. ಟಿವಿಯನ್ನ ಹಾಗೆ ಇಟ್ಟವರು ಬೇರೆಯವರು. ಅವರ ಮೇಲೆ ನಂಗೆ ಸಿಟ್ಟಿದೆ.

2/9
ಫೋಟೋದಲ್ಲಿರೋದು ನಮ್ಮನೆ ಮಾಡಿನ ಮೇಲಿನ ಹಳೇ ಡಿಶ್. ತುಕ್ಕು ಹಿಡಿದು ಅರ್ಧ ಹೋಗಿದೆ, ಅಮ್ಮ ಗುಜರಿಗೆ ಹಾಕಲು ಬಿಡೋದಿಲ್ಲ.

2010ರ ಹೊತ್ತು. ಶಾಲೆಯಿಂದ ಬಂದು ಬ್ಯಾಗ್ ಎಸೆದು ಟಿವಿ ಮುಂದೆ. ಡೋರೇಮಾನ್. ಕಾರ್ಟೂನ್ ಅಂತ ಎಲ್ಲರೂ ಹಗುರ ಮಾಡ್ತಾರೆ. ಒಮ್ಮೆ ಯೋಚನೆ ಮಾಡಿ: 2112ರ ಸೆಪ್ಟೆಂಬರ್ 3ಕ್ಕೆ ಹುಟ್ಟಲಿರುವ ಒಂದು ರೋಬೋಟ್ ಬೆಕ್ಕು, ಹುಡುಗನ ಮೇಜಿನ ಡ್ರಾಯರ್ ಒಳಗೆ ಕಾಲಯಂತ್ರ, ಹೊಟ್ಟೆ ಮೇಲೆ ನಾಲ್ಕು ಆಯಾಮದ ಕಿಸೆ. ಪ್ರತಿ ಕಂತಿನಲ್ಲೂ ಒಂದು ಹೊಸ ಯಂತ್ರ ಬರುತ್ತೆ, ನೊಬಿತಾ ಅದನ್ನ ಸ್ವಾರ್ಥಕ್ಕೆ ಬಳಸ್ತಾನೆ, ಎಲ್ಲ ಹದಗೆಡುತ್ತೆ. ಯಂತ್ರ ಮನುಷ್ಯನಿಗೆ ಏನು ಮಾಡುತ್ತೆ ಅನ್ನೋ ದೊಡ್ಡ ದೊಡ್ಡ ಕಾದಂಬರಿಗಳ ಪ್ರಶ್ನೆಯೇ ಅದು, ಏಳು ವರ್ಷದವರ ಸೈಜಿನಲ್ಲಿ.

ಆದ್ರೆ ಅದು ನಮ್ಮನೆಗೆ ಬರ್ತಿದ್ದದ್ದು ಹಿಂದಿಯಲ್ಲಿ. ನಾವು ಮಕ್ಕಳು ಮೂರು ತಿಂಗಳಲ್ಲಿ ಹಿಂದಿ ಕಲಿತೆವು. ಅಜ್ಜಿಗೆ ಆಗಲಿಲ್ಲ. ಅವರು ಪಕ್ಕದಲ್ಲಿ ಬೀಡಿ ಕಟ್ತಾ ಕೂತು ಕೇಳ್ತಿದ್ರು: "ಆ ಬೆಕ್ಕ್ ಎಂತ ಹೇಳ್ತ್ ಮಗಾ?" ನಾನು ಪ್ರತಿ ಮಾತನ್ನೂ ಕುಂದಾಪ್ರ ಕನ್ನಡಕ್ಕೆ ತಿರುಗಿಸಿ ಹೇಳ್ತಿದ್ದೆ. ಹೌದು, ನಮ್ಮನೆಯ ಡಬ್ಬಿಂಗ್ ಆರ್ಟಿಸ್ಟ್ ನಾನೇ. ಸಂಬಳ ಒಂದು ಬೆಲ್ಲದ ಚೂರು.

ಒಂದು ದಿನ ಆ ಕಿಸೆಯಿಂದ ಬಾಗಿಲೊಂದು ಹೊರಗೆ ಬಂತು, ಮನುಷ್ಯರೇ ದಾಟಿ ಹೋಗುವಷ್ಟು ದೊಡ್ಡದು. ಅಜ್ಜಿ ಎಲೆ ಕತ್ತರಿಸೋ ಕತ್ತರಿ ಕೆಳಗಿಟ್ರು. "ಅಷ್ಟೆಲ್ಲ ಸಾಮಾನ್ ಒಳ್ಗ್ ಇತ್ತಲ್ದಾ, ಹಂಗಾರೆ ಅದ್ರ ತೂಕ ಎಲ್ಲಿಗ್ ಹೋತ್?"

ಪ್ರಾಯದಲ್ಲಿ ಗುಡ್ಡೆಯಿಂದ ಸೊಪ್ಪಿನ ಹೊರೆ ಹೊತ್ತು ತಂದವರು ಅವರು. ತೂಕ ಅಂದ್ರೆ ಏನಂತ ಅವರ ಕುತ್ತಿಗೆಗೆ ಗೊತ್ತಿತ್ತು. ನಂಗೆ ಉತ್ತರ ಗೊತ್ತಿರಲಿಲ್ಲ. ಇವತ್ತು ಬಿಎಸ್ಸಿ ಫಿಸಿಕ್ಸ್ ಓದ್ತಿದ್ದೇನೆ, ಈಗಲೂ ಸರಿಯಾಗಿ ಗೊತ್ತಿಲ್ಲ. ನಾನು ಫಿಸಿಕ್ಸ್ ತಗೊಂಡದ್ದು ಯಾಕೆ ಅಂತ ಕೇಳಿದವರಿಗೆಲ್ಲ ಇದೇ ಕಥೆ ಹೇಳೋದು.

ಆ ಪ್ರಶ್ನೆ ಅಪ್ಪಟ ಕುಂದಾಪ್ರ ಕನ್ನಡದಲ್ಲಿತ್ತು. ಕಾಮಿಡಿ ಅನಿಸಿತಾ ನಿಮಗೆ?

3/9
ಸರಿ, ಹಾಗಾದ್ರೆ ಕನ್ನಡದಲ್ಲಿ ಯಾಕೆ ಇರಲಿಲ್ಲ? ನಮ್ಮ ಬ್ಯಾಚಿನ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

1960ರ ದಶಕದಲ್ಲಿ ಕನ್ನಡದಲ್ಲಿ ಡಬ್ಬಿಂಗ್ ವಿರೋಧಿ ಚಳವಳಿ ಆಯ್ತು. ಆಗ ಅದಕ್ಕೆ ಕಾರಣ ಇತ್ತು. ಕನ್ನಡ ಚಿತ್ರರಂಗ ಚಿಕ್ಕದು, ಮದರಾಸಿನ ಸ್ಟುಡಿಯೋಗಳನ್ನ ನಂಬಿಕೊಂಡು ಬದುಕ್ತಿತ್ತು. ತೆಲುಗು, ತಮಿಳು ಸಿನಿಮಾ ಡಬ್ ಆಗಿ ಬಂದ್ರೆ ಇಲ್ಲಿಯ ಕಲಾವಿದರ ಹೊಟ್ಟೆಗೆ ಹೊಡೆತ. ಆ ಹೆದರಿಕೆಯನ್ನ ನಾನು ಲೇವಡಿ ಮಾಡಲ್ಲ. ಆವತ್ತಿನ ಕಲಾವಿದರ ಮನೆಯಲ್ಲಿ ನಾನು ಹುಟ್ಟಿದ್ರೆ ನಾನೂ ಬೀದಿಗೆ ಇಳೀತಿದ್ದೆ.

ಆದ್ರೆ ಮನೆ ಕಟ್ಟಿ ಮುಗಿದ ಮೇಲೂ ಸಾರುವೆ ಬಿಚ್ಚದೆ ಇಟ್ಟರೆ? ಚಿತ್ರರಂಗ ಬೆಳೀತು, ವರ್ಷಕ್ಕೆ ನೂರಕ್ಕೂ ಹೆಚ್ಚು ಸಿನಿಮಾ ಬರೋ ಹಾಗಾಯ್ತು. ತಡೆ ಮಾತ್ರ ಹಾಗೇ ಉಳೀತು. ಯಾವ ಕಾನೂನೂ ಇರಲಿಲ್ಲ, ವಿಧಾನಸಭೆಯಲ್ಲಿ ಯಾರೂ ಕೈ ಎತ್ತಿರಲಿಲ್ಲ. ಸಿನಿಮಾ, ಟಿವಿ ಸಂಘಟನೆಗಳೇ ಕೂತು ನಡೆಸಿದ ನಿಷೇಧ. 2012ರಲ್ಲಿ 'ಸತ್ಯಮೇವ ಜಯತೇ' ತಮಿಳು, ತೆಲುಗು, ಮಲಯಾಳದಲ್ಲಿ ಟಿವಿಗೆ ಬಂತು, ಕನ್ನಡದಲ್ಲಿ ಬರಲಿಲ್ಲ. ಕನ್ನಡ ಗ್ರಾಹಕರ ಪರವಾಗಿ ಕೆಲವರು ದೂರು ಕೊಟ್ಟರು, 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ತಪ್ಪು ಅಂತ ಆದೇಶ ಕೊಟ್ಟು ದಂಡ ಹಾಕಿತು.

2015. ಆಗ ನಾನು ಏಳನೇ ಕ್ಲಾಸು. ನನ್ನ ಕಾರ್ಟೂನ್ ಪ್ರಾಯ ಮುಗಿಯುತ್ತಾ ಬಂದಿತ್ತು. ಕನ್ನಡ ಉಳಿಸಿದ್ದೇವೆ ಅಂದವರಿಗೆ ನನ್ನದೊಂದು ಪ್ರಶ್ನೆ: ನಮ್ಮನೆ ಜಗಲಿಯಲ್ಲಿ ನಿಮ್ಮಿಂದಾಗಿ ಉಳಿದದ್ದು ಯಾವ ಭಾಷೆ? ಡಬ್ಬಿಂಗ್ ಇಲ್ಲ ಅಂತ ನಾವೇನು ಟಿವಿ ಬಂದ್ ಮಾಡಿ ಯಕ್ಷಗಾನಕ್ಕೆ ಹೋದೆವಾ? (ಮಂದಾರ್ತಿ ಮೇಳ ಬಂದಾಗ ಹೋದೆವು, ಅದು ಬೇರೆ ಮಾತು.) ಹಿಂದಿ ಕಲಿತು ಹಿಂದಿಯಲ್ಲೇ ನೋಡಿದೆವು.

ಇನ್ನೊಂದು. ಪ್ರದೀಪ ಕೆಂಜಿಗೆ ಮತ್ತು ತೇಜಸ್ವಿ ಸೇರಿ 'ಪ್ಯಾಪಿಲಾನ್' ಪುಸ್ತಕವನ್ನ ಕನ್ನಡಕ್ಕೆ ತಂದಾಗ ಯಾರೂ ರಸ್ತೆ ತಡೆ ಮಾಡಲಿಲ್ಲ. ಫ್ರಾನ್ಸಿನ ಕೈದಿ ಕನ್ನಡ ಮಾತಾಡಬಹುದು, ಜಪಾನಿನ ಬೆಕ್ಕು ಮಾತಾಡಬಾರದು. ಲಾಜಿಕ್ ಎಲ್ಲಿ ಉಂಟು ಹೇಳಿ.

4/9
"ಚಿಂಟು ಟಿವಿ ಇತ್ತಲ್ಲ?" ಅಂತ ಕೇಳ್ತೀರಿ, ಗೊತ್ತು. ಇತ್ತು! 2009ರಲ್ಲಿ ಶುರುವಾದದ್ದು, ಕನ್ನಡದ ಮಕ್ಕಳ ಚಾನೆಲ್. ಮಕ್ಕಳ ಕಾರ್ಟೂನು ಅಂತಲೋ ಏನೋ, ಅಲ್ಲಿ ಡಬ್ಬಿಂಗ್ ನಡೀತು. ಬೈಂದೂರಿನಿಂದ ಬ್ರಹ್ಮಾವರದವರೆಗೆ ನಮ್ಮ ವಯಸ್ಸಿನ ಯಾರನ್ನೇ ನಿಲ್ಲಿಸಿ ಕೇಳಿ, ಡೋರಾ ಕನ್ನಡದಲ್ಲಿ ಮಾತಾಡಿದ್ದು ನೆನಪಿರುತ್ತೆ. ಯಾರಾದ್ರೂ "ಅಯ್ಯೋ ಕಾಮಿಡಿ" ಅಂದಿದ್ರಾ? ಆರು ವರ್ಷಕ್ಕೆ ಕೇಳಿದ ಕಿವಿಗೆ ಅದು ಸಹಜ. ಇಪ್ಪತ್ತೊಂದಕ್ಕೆ ಮೊದಲ ಸಲ ಕೇಳಿದ ಕಿವಿಗೆ ಅದು ಕಾಮಿಡಿ. ನನ್ನ ಇಡೀ ವಾದದ ಪುರಾವೆ ಇಷ್ಟರಲ್ಲೇ ಇದೆ.

ಒಂದು ಚಾನೆಲ್ ಸಾಕಾಗಲಿಲ್ಲ, ಅಷ್ಟೇ. ಸಂಜೆ ಐದಕ್ಕೆ ಬೇಕಾದ ರೋಬೋಟು, ಅಂತರಿಕ್ಷ ನಮ್ಮನೆಯಲ್ಲಿ ಬೇರೆ ನಂಬರಿನ ಚಾನೆಲ್ಲಲ್ಲಿ, ಬೇರೆ ಭಾಷೆಯಲ್ಲಿ ಇತ್ತು.

5/9
ಈಗ ಸ್ವಲ್ಪ ಹಿಂದೆ ಹೋಗುವ. ಇದು ನಂಗೆ ಗೊತ್ತಾದ ದಿನ ನಾನು ಒಬ್ಬಳೇ ಕೂತು ಸಿಟ್ಟು ಮಾಡಿಕೊಂಡೆ.

1945ರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಒಂದು ಲೇಖನ ಬರೆದ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲೆ ಉಪಗ್ರಹ ಇಟ್ಟರೆ ಅದು ಭೂಮಿಯ ಜೊತೆಗೇ ಸುತ್ತುತ್ತೆ, ನೆಲದಿಂದ ನೋಡಿದವರಿಗೆ ಒಂದೇ ಕಡೆ ನಿಂತ ಹಾಗೆ ಕಾಣುತ್ತೆ, ಅಲ್ಲಿಂದ ಪ್ರಪಂಚಕ್ಕೆಲ್ಲ ಸಿಗ್ನಲ್ ಕೊಡಬಹುದು ಅಂತ. ಅದೇ ಕ್ಲಾರ್ಕ್ ಮುಂದೆ ದೊಡ್ಡ ಸೈ-ಫೈ ಕಾದಂಬರಿಕಾರ ಆದ. ನಮ್ಮ ಮಾಡಿನ ಮೇಲಿನ ತುಕ್ಕು ಡಿಶ್ ಮುಖ ಮಾಡಿದ್ದು ಅಂಥ ಜಾಗಕ್ಕೇ. (ಜೂನ್ ಮಳೆಗೆ ಸಿಗ್ನಲ್ ಹೋಗ್ತಿತ್ತಲ್ಲ, ಅದಕ್ಕೂ ಕಾರಣ ಉಂಟು. ಡಿಶ್‌ಗೆ ಬರೋ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ನಮ್ಮ ಊರಿನ ದಪ್ಪ ಮಳೆಹನಿ ಅದನ್ನ ಹೀರಿ, ಚದುರಿಸಿ ಬಿಡುತ್ತೆ. ಅಪ್ಪಯ್ಯ ಕೊಡೆ ಹಿಡಿದು ಡಿಶ್ ತಿರುಗಿಸಿದ್ದೆಲ್ಲ ದಂಡ.)

ಈಗ 1975. ಆ ಏಪ್ರಿಲ್‌ನಲ್ಲಿ ನಮ್ಮ ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ತಯಾರಾದ ಆರ್ಯಭಟ ಮೇಲೆ ಹೋಯ್ತು. ಅದೇ ವರ್ಷ ಆಗಸ್ಟ್ 1ಕ್ಕೆ ಇಸ್ರೋ, ನಾಸಾದ ಎಟಿಎಸ್-6 ಉಪಗ್ರಹ ಬಳಸಿ, 'ಸೈಟ್' ಅನ್ನೋ ಪ್ರಯೋಗ ಶುರು ಮಾಡಿತು. ಒಂದು ವರ್ಷ, ಆರು ರಾಜ್ಯ, ಸುಮಾರು 2,400 ಹಳ್ಳಿ. ಊರಿಗೊಂದು ಟಿವಿ, ಕೋಳಿಬಲೆಯಂಥ ಜಾಲರಿಯ ಆಂಟೆನಾ. ಕರ್ನಾಟಕದಲ್ಲಿ ಆಗಿನ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಳಿಗ್ಗೆ ಶಾಲೆ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ. ಕ್ಲಾರ್ಕ್ ಆಗ ಕೊಲಂಬೊದಲ್ಲಿದ್ದ, ಅವನ ಮನೆಗೂ ಇಸ್ರೋದವರು ಹೋಗಿ ಒಂದು ಡಿಶ್ ಹಾಕಿ ಬಂದ್ರು.

ಆ ಕಾರ್ಯಕ್ರಮ ನಾಲ್ಕು ಭಾಷೆಯಲ್ಲಿತ್ತು: ಹಿಂದಿ, ಒಡಿಯಾ, ತೆಲುಗು, ಮತ್ತು ಕನ್ನಡ.

ಓದಿದ್ರಲ್ಲ? ಸರಿಯಾಗಿ ಕರೆಂಟೂ ಇಲ್ಲದ ಕಾಲದಲ್ಲಿ, ಆಕಾಶದಿಂದ ಹಳ್ಳಿ ಮಕ್ಕಳಿಗೆ ಟಿವಿ ಇಳಿದಾಗ ಅದು ಕನ್ನಡ ಮಾತಾಡ್ತಿತ್ತು. ಮೂವತ್ತೈದು ವರ್ಷ ಬಿಟ್ಟು, ನೂರಾರು ಚಾನೆಲ್ ಇರೋ ಡಿಶ್ ನಮ್ಮನೆಗೆ ಬಂದಾಗ ರೋಬೋಟ್ ಬೆಕ್ಕಿಗೆ ಕನ್ನಡ ಬರ್ತಿರಲಿಲ್ಲ. ತಂತ್ರಜ್ಞಾನ ಅಡ್ಡ ಬಂದಿತ್ತು ಅಂತ ಯಾರೂ ಹೇಳಬೇಡಿ.

6/9
"ಪ್ರಪಂಚದಲ್ಲಿ ಎಲ್ಲ ಕಡೆ ಹೀಗೇ" ಅನ್ನೋರಿಗೆ ಚಿಕ್ಕದೊಂದು ಉದಾಹರಣೆ. ಬಾಂಗ್ಲಾದೇಶದಲ್ಲೂ ಮಕ್ಕಳು ಹಿಂದಿ ಡೋರೇಮಾನ್ ನೋಡಿ ಮನೆಯಲ್ಲಿ ಹಿಂದಿ ಮಾತಾಡಲು ಶುರು ಮಾಡಿದ್ರು. 2013ರಲ್ಲಿ ಅಲ್ಲಿನ ಸರ್ಕಾರ ಹಿಂದಿ ಡೋರೇಮಾನ್ ಪ್ರಸಾರ ನಿಲ್ಲಿಸಿತು. ಮರುವರ್ಷ ಅದೇ ಬೆಕ್ಕು ಬಂಗಾಳಿಗೆ ಡಬ್ ಆಗಿ ಬಂತು. ನಿಷೇಧ ಸರಿ ಅಂತ ನಾನು ಹೇಳ್ತಿಲ್ಲ, ಬ್ಯಾನ್ ಮಾಡೋದು ಅಂದ್ರೆ ನಂಗೆ ಆಗಿ ಬರೋದಿಲ್ಲ. ಆದ್ರೆ ಅವರು ಮಕ್ಕಳ ಭಾಷೆ ಉಳಿಸಲು ಡಬ್ಬಿಂಗ್ ತಂದ್ರು. ನಮ್ಮವರು ಭಾಷೆ ಉಳಿಸಲು ಡಬ್ಬಿಂಗ್ ತಡೆದ್ರು.

7/9
ಈಗ ಎರಡನೇ ಪಾರ್ಟಿ. "ಟಿವಿ ಕಂಡ್ ಕಂಡ್ ಹಾಳಾಯ್ದ್" ಅನ್ನೋ ಹಿರಿಯರು.

ಏಳನೇ ಕ್ಲಾಸಲ್ಲಿ ಪ್ರಬಂಧ ಸ್ಪರ್ಧೆ ಇತ್ತು. ಎಲ್ಲ ಶಾಲೆಯಲ್ಲೂ ಇರೋ ವಿಷಯವೇ, 'ನಮ್ಮೂರು'. ನಾನು 2112ರ ಗಂಗೊಳ್ಳಿ ಅಂತ ಬರೆದೆ. ಮರವಂತೆಯಲ್ಲಿ ಈಗ ಒಂದು ಕಡೆ ಸಮುದ್ರ, ಒಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ. ನನ್ನ ಪ್ರಬಂಧದಲ್ಲಿ ಕಡಲ್ಕೊರೆತಕ್ಕೆ ಆ ರಸ್ತೆ ಹೋಗಿ ಸಮುದ್ರ, ಹೊಳೆ ಒಂದೇ ಆಗಿತ್ತು. ಬೈಂದೂರಿಗೆ ಹೋಗೋ ಬಸ್ಸಿಗೆ ಗಾಲಿ ಬದಲು ತಳದಲ್ಲಿ ದೋಣಿ. ಕಂಡಕ್ಟರ್ ಮಾತ್ರ ಈಗಿನ ಹಾಗೇ, "ಒಳ್ಗ್ ಹೋಯ್ನಿ, ಒಳ್ಗ್ ಹೋಯ್ನಿ" ಅಂತಿದ್ದ. ಬಂಗುಡೆ ಸಿಕ್ಕದೆ ಮೀನುಗಾರರು ಮ್ಯೂಸಿಯಮ್ಮಿಗೆ ಹೋಗಿ ಮೊಮ್ಮಕ್ಕಳಿಗೆ ಮೀನು ತೋರಿಸ್ತಿದ್ರು.

ಸ್ಟಾಫ್ ರೂಮಿಗೆ ಕರೆದು ಹಾಳೆ ಕೈಗೆ ವಾಪಸ್ ಕೊಟ್ರು. "ನಮ್ಮೂರಿನ ಬಗ್ಗೆ ಬರಿ ಅಂದ್ರೆ ಎಂತದಿದು? ಟಿವಿ ಕಾಣೂದ್ ಕಡ್ಮಿ ಮಾಡ್." ಪಕ್ಕದಲ್ಲಿದ್ದವರು ನಕ್ಕರು. ನಾನು ಬೇರೆ ಬರೆದುಕೊಟ್ಟೆ: ನಮ್ಮೂರು ಸುಂದರವಾಗಿದೆ, ಹಸಿರು ಗದ್ದೆಗಳಿವೆ, ಪಂಚಗಂಗಾವಳಿ ಹರಿಯುತ್ತಾಳೆ. ಅದಕ್ಕೆ ಎರಡನೇ ಬಹುಮಾನ ಬಂತು, ಸ್ಟೀಲ್ ಲೋಟ. ಲೋಟ ಇನ್ನೂ ಇದೆ, ಮೊದಲ ಹಾಳೆ ಇಲ್ಲ. ಅದನ್ನ ನಾನೇ ಹರಿದೆ.

ಅವರು ಕೆಟ್ಟವರಲ್ಲ. ಚೆನ್ನಾಗಿ ಪಾಠ ಮಾಡ್ತಿದ್ರು. ಆದ್ರೆ ಆ ಪ್ರಬಂಧದಲ್ಲಿ ನಮ್ಮೂರು ಇರಲಿಲ್ಲ ಅಂತ ಅವರಿಗೆ ಹೇಗೆ ಅನಿಸಿತು? ಪ್ರತಿ ಮಳೆಗಾಲಕ್ಕೂ ಮರವಂತೆ ಕಡೆ ಕಲ್ಲು ತಂದು ಸುರಿಯೋದನ್ನ ನಾವೆಲ್ಲ ಬಸ್ಸಿನ ಕಿಟಕಿಯಿಂದ ನೋಡಿಲ್ವಾ? ಮುಂದೇನು ಅಂತ ಕೇಳಲು ನಂಗೆ ಧೈರ್ಯ ಕೊಟ್ಟದ್ದು ಪಠ್ಯಪುಸ್ತಕ ಅಲ್ಲ, ಆ ನೀಲಿ ಬೆಕ್ಕು. 2112 ಅನ್ನೋ ವರ್ಷ ಸಿಕ್ಕಿದ್ದೂ ಅಲ್ಲಿಂದಲೇ.

ನಮ್ಮ ಮಾವಂದಿರ ಕಾಲದಲ್ಲೂ ಇದೇ ರಗಳೆ. 1997ರಲ್ಲಿ ದೂರದರ್ಶನದಲ್ಲಿ 'ಶಕ್ತಿಮಾನ್' ಶುರುವಾದಾಗ ಮಕ್ಕಳು ಹಾಳಾದ್ರು ಅಂತ ದೇಶವೇ ಕೂಗಿತ್ತು. ಮರುವರ್ಷ 'ಕ್ಯಾಪ್ಟನ್ ವ್ಯೋಮ್' ಬಂತು. ಅದಕ್ಕೂ ಮುಂಚೆ, 1989ರಲ್ಲಿ, 'ಇಂದ್ರಧನುಷ್' ಅನ್ನೋ ಧಾರಾವಾಹಿಯಲ್ಲಿ ಹುಡುಗರ ಕಂಪ್ಯೂಟರೇ ಕಾಲಯಂತ್ರ ಆಗಿತ್ತು. ಅದರಲ್ಲಿ ನಟಿಸಿದವರಲ್ಲಿ ನಮ್ಮ ಗಿರೀಶ್ ಕಾರ್ನಾಡರೂ ಒಬ್ಬರು. ಆಮೇಲೆ 'ಟರ್ನಿಂಗ್ ಪಾಯಿಂಟ್' ಅನ್ನೋ ವಿಜ್ಞಾನ ಕಾರ್ಯಕ್ರಮ ನಡೆಸಿಕೊಟ್ಟದ್ದೂ ಅವರೇ. 'ಯಯಾತಿ', 'ತುಘಲಕ್' ಕನ್ನಡದಲ್ಲಿ ಬರೆದವರು ವಿಜ್ಞಾನ ಹೇಳಲು ಹೊರಟಾಗ ಅವರಿಗೆ ಸಿಕ್ಕ ಟಿವಿ ರಾಷ್ಟ್ರೀಯ ವಾಹಿನಿ. ಇದಕ್ಕೆ ನಗಬೇಕಾ ಅಳಬೇಕಾ ಗೊತ್ತಾಗಲ್ಲ.

8/9
ಗ್ರೂಪಲ್ಲಿ ಬರೆದ ಗೆಳೆಯನಿಗೆ ಒಂದು ವಿಷಯದಲ್ಲಿ ಸೋಲ್ತೇನೆ. ಆ ಟ್ರೇಲರಿನ ಕನ್ನಡ ಕೆಟ್ಟದಾಗಿತ್ತು. ಗಗನನೌಕೆ ಉರಿದು ಬೀಳುವಾಗ "ಓಹ್ ನನ್ನ ದೇವರೇ, ನಾವು ಇದನ್ನು ಮಾಡಬಹುದು" ಅಂತ ಯಾವ ಕನ್ನಡಿಗ ಹೇಳ್ತಾನೆ? ಅದು ಇಂಗ್ಲಿಷಿಗೆ ಪಂಚೆ ಉಡಿಸಿದ ಹಾಗೆ. ನಮ್ಮವರಾದ್ರೆ "ಸತ್ತೆ ಮಾರಾಯ, ಹಿಡ್ಕೋ" ಅಂತಾರೆ. ಹಾಗೆ ಬರೆದಿದ್ರೆ ನೀನು ನಗ್ತಿರಲಿಲ್ಲ, ಸೀಟಿನ ತುದಿಗೆ ಬರ್ತಿದ್ದಿ. ಐವತ್ತು ವರ್ಷ ಯಾರಿಗೂ ಡಬ್ಬಿಂಗ್ ಬರೆಯೋ ಕೆಲಸ ಕೊಡದೆ ಇಟ್ಟರೆ ಬರೆಯೋರು ಎಲ್ಲಿಂದ ಹುಟ್ಟುತ್ತಾರೆ?

ಒಳ್ಳೇ ಉದಾಹರಣೆಯೂ ಉಂಟು. 'ವೈಲ್ಡ್ ಕರ್ನಾಟಕ' ಸಾಕ್ಷ್ಯಚಿತ್ರ ನೋಡಿದೀರಲ್ಲ? ಇಂಗ್ಲಿಷಲ್ಲಿ ಡೇವಿಡ್ ಅಟೆನ್‌ಬರೋ ದನಿ. ಕನ್ನಡದಲ್ಲಿ ನಮ್ಮ ಕೆರಾಡಿಯ ರಿಷಬ್ ಶೆಟ್ಟಿ ದನಿ. ಹುಲಿ, ಕಾಳಿಂಗ ಸರ್ಪದ ಬಗ್ಗೆ ಕನ್ನಡದಲ್ಲಿ ಕೇಳಿ ಯಾರು ನಕ್ಕರು? ಹುಲಿಗೆ ಒಗ್ಗಿದ ಕನ್ನಡ ಮಂಗಳ ಗ್ರಹಕ್ಕೆ ಒಗ್ಗಲ್ಲ ಅನ್ನೋದಕ್ಕೆ ಕಾರಣ ಕೊಡಿ.

"ಕನ್ನಡದಲ್ಲಿ ವಿಜ್ಞಾನಕ್ಕೆ ಶಬ್ದ ಇಲ್ಲ" ಅನ್ನೋದು ಇನ್ನೊಂದು ನೆಪ. ಬ್ರಹ್ಮಾವರದಿಂದ ಕುಂದಾಪುರಕ್ಕೆ ಬರೋ ದಾರಿಯಲ್ಲಿ ಕೋಟ ಸಿಗುತ್ತೆ. 1902ರಲ್ಲಿ ಅಲ್ಲಿ ಹುಟ್ಟಿದ ಶಿವರಾಮ ಕಾರಂತರು ಮಕ್ಕಳಿಗೆ ಅಂತಲೇ ಮೂರು ಸಂಪುಟದ 'ಬಾಲ ಪ್ರಪಂಚ' ಬರೆದ್ರು, ಆಮೇಲೆ ನಾಲ್ಕು ಸಂಪುಟ 'ವಿಜ್ಞಾನ ಪ್ರಪಂಚ'. ಒಬ್ಬರೇ, ಗೂಗಲ್ ಇಲ್ಲದೆ. ಯಕ್ಷಗಾನದಲ್ಲೂ ಪ್ರಯೋಗ ಮಾಡಿದವರು ಅವರೇ, ಆದ್ದರಿಂದ 'ನಮ್ಮ ಸಂಸ್ಕೃತಿಗೆ ಇದು ಆಗಿ ಬರಲ್ಲ' ಅನ್ನೋರೂ ಸ್ವಲ್ಪ ಸುಮ್ಮನಿರಬಹುದು. ಸೈ-ಫೈಯನ್ನೇ ಬರೆದ ರಾಜಶೇಖರ ಭೂಸನೂರಮಠರ ಹೆಸರು ನಮ್ಮ ಕ್ಲಾಸಲ್ಲಿ ಎಷ್ಟು ಜನ ಕೇಳಿದ್ದೀರಿ? ನಾನು ಡಿಗ್ರಿಗೆ ಬರುವವರೆಗೆ ಕೇಳಿರಲಿಲ್ಲ. ಶಬ್ದ ಇತ್ತು, ಪುಸ್ತಕ ಇತ್ತು. ಸಂಜೆ ಐದು ಗಂಟೆಗೆ ಟಿವಿಯಲ್ಲಿ ಇರಲಿಲ್ಲ. ಏಳು ವರ್ಷದವರಿಗೆ ಪುಸ್ತಕದ ಕಪಾಟು ಎಟುಕಲ್ಲ, ರಿಮೋಟ್ ಎಟುಕುತ್ತೆ.

9/9
ಅಜ್ಜಿ ಹೋಗಿ ಮೂರು ವರ್ಷ ಆಯ್ತು. ಈಗ ಅಕ್ಕನ ಮಗ ನಾಲ್ಕು ವರ್ಷದವನು, ಕೈಯಲ್ಲಿ ಮೊಬೈಲ್. ಅವನ ರೋಬೋಟುಗಳು ಹಿಂದಿಯನ್ನೂ ಬಿಟ್ಟು ಇಂಗ್ಲಿಷ್ ಮಾತಾಡ್ತಾವೆ. ಮೊನ್ನೆ ಅಮ್ಮ ಅವನ ಪಕ್ಕ ಕೂತು ಕೇಳಿದ್ರು, "ಅದ್ ಎಂತ ಹೇಳ್ತ್ ಮಗಾ?" ಅವನು ಉತ್ತರ ಕೊಡಲಿಲ್ಲ. ಕೊಡಲು ಅವನ ಹತ್ರ ಕನ್ನಡದ ಶಬ್ದ ಇರಲಿಲ್ಲ. ಅಮ್ಮ ಎದ್ದು ಒಳಗೆ ಹೋದ್ರು.

ಈಗ ಯಾವ ಮಂಡಳಿಯೂ ತಡೀತಿಲ್ಲ. ಆದ್ದರಿಂದ ಇನ್ನು ಮುಂದಿನ ಬೈಗುಳ ನಮಗೇ. ಫೋನಿದೆ, ಮೈಕಿದೆ, ಎಡಿಟಿಂಗ್ ಆಪ್ ಇದೆ. ದಿನಕ್ಕೆ ನಾಲ್ಕು ರೀಲ್ಸ್ ಮಾಡೋರು ನಮ್ಮ ಕ್ಲಾಸಲ್ಲೇ ಒಂಬತ್ತು ಜನ ಇದ್ದಾರೆ, ಲೆಕ್ಕ ಹಾಕಿದ್ದೇನೆ. ಪ್ರತಿ ವರ್ಷ ಆಸಾಡಿ ಅಮಾಸಿಗೆ ವಿಶ್ವ ಕುಂದಾಪ್ರ ಕನ್ನಡ ದಿನ ಅಂತ ಸ್ಟೇಟಸ್ ಹಾಕ್ತೇವೆ: ಹಳೇ ಗಾದೆ, ಹಳೇ ತಿಂಡಿ, ಹಳೇ ಪಾತ್ರೆ. ಎಲ್ಲ ಹಳತು. ನಮ್ಮ ಭಾಷೆಗೆ ನಾಳೆ ಅನ್ನೋದೇ ಇಲ್ವಾ ಹಾಗಾದ್ರೆ?

ಈ ಸಲ ಅಮಾಸಿಗೆ ನಾನು 2112ರ ಗಂಗೊಳ್ಳಿಯನ್ನ ಮತ್ತೆ ಬರೆದು, ಓದಿ, ರೆಕಾರ್ಡ್ ಮಾಡಿ ಇಲ್ಲಿ ಹಾಕ್ತೇನೆ. ಪೂರ್ತಿ ಕುಂದಾಪ್ರ ಕನ್ನಡದಲ್ಲಿ, ಕಂಡಕ್ಟರ್ ಸಮೇತ. ಐದು ನಿಮಿಷದ್ದು. ನಿಮ್ಮದೂ ಕಳಿಸಿ. ಬೈಂದೂರಿನ ರೈಲ್ವೆ ಸ್ಟೇಷನ್ನಿಗೆ ಗಗನನೌಕೆ ಬರಲಿ, ಬ್ರಹ್ಮಾವರದಲ್ಲಿ ರೋಬೋಟ್ ನಾಟಿ ಮಾಡಲಿ, ಕೊಡಚಾದ್ರಿ ಮೇಲೆ ಏನಾದ್ರೂ ಇಳಿಯಲಿ. ತಪ್ಪು ಕನ್ನಡ ಆದ್ರೂ ಅಡ್ಡಿಲ್ಲ. ಗ್ರೂಪಲ್ಲಿ ನಕ್ಕ ಗೆಳೆಯನೇ, ರೋಬೋಟಿನ ದನಿ ನಿನ್ನದು. ನಿನ್ನ ಸ್ವರ ದಪ್ಪ ಇದೆ, ಶನಿವಾರ ಕ್ಲಾಸ್ ಮುಗಿದ ಮೇಲೆ ಮೈಕ್ ತರ್ತೇನೆ, ತಪ್ಪಿಸಿಕೊಳ್ಳಬೇಡ.

#ಕುಂದಾಪ್ರಕನ್ನಡ #ಕನ್ನಡಸೈಫೈ #2112ರಗಂಗೊಳ್ಳಿ